ಏಳು ಪಂಪ್‌ಶೆಡ್ಡು, ಒಂದು ಕಾಯಿ

ಕಡಬ ಪೇಟೆಯ ನನ್ನ ಹೊಲಿಗೆ ಅಂಗಡಿಗೆ ಬಂದ ಯಾವ ಪೊಟ್ಟಣವನ್ನೂ ನಾನೊಬ್ಬಳೇ ಕೂತು ಬಿಚ್ಚಿದ್ದಿಲ್ಲ. ಬ್ಲೌಸಿಗೆ ಅಳತೆ ಕೊಡಲು ಬಂದವರು, ಅಳತೆ ಕೊಟ್ಟು ತಿಂಗಳಾದರೂ ಬ್ಲೌಸು ಸಿಗದೆ ಜಗಳಕ್ಕೆ ಬಂದವರು, ಬಸ್ಸು ಬರುವ ತನಕ ಫ್ಯಾನಿನ ಗಾಳಿಗೆ ಕೂತವರು ಎಲ್ಲ ಸೇರಿಯೇ ಬಿಚ್ಚುವುದು. ಹೋದ ವರ್ಷ ನವೆಂಬರಿನಲ್ಲಿ ಹಾಗೆ ಬಿಚ್ಚಿದ ಒಂದು ಪೊಟ್ಟಣದಿಂದ ಹಣ್ಣುಕುಂಬಳದ ಬಣ್ಣದ ರಬ್ಬರಿನ ಚೀಲವೊಂದು ಹೊರಬಂತು. ಜೊತೆಗೆ ಸೊಂಟಕ್ಕೆ ಕಟ್ಟುವ ಬೆಲ್ಟು, ಎರಡನ್ನೂ ಜೋಡಿಸುವ ಒಂದು ಗಜದ ಪಟ್ಟಿ. ಊದಿ ನೋಡಿದೆ. ದಿಂಬಿನಷ್ಟಾಯಿತು.

"ಇದೆಂತ ವೇದಕ್ಕ, ಮೂಲವ್ಯಾಧಿಯವರು ಕೂತುಕೊಳ್ಳುವ ದಿಂಬಾ?" ಎಂದು ಒಬ್ಬಳು ಕೇಳಿದಳು.

ಅಲ್ಲ, ಹೊಳೆಯಲ್ಲಿ ದೂರ ಈಜುವವರು ಸೊಂಟಕ್ಕೆ ಕಟ್ಟಿಕೊಳ್ಳುವುದು, ಹಿಂದಿನಿಂದ ತೇಲಿಕೊಂಡು ಬರುತ್ತದೆ, ಸುಸ್ತಾದರೆ ತಬ್ಬಿಕೊಳ್ಳಬಹುದು ಎಂದು ವಿವರಿಸಿದೆ. ಐವತ್ತೊಂದು ವರ್ಷದ ಟೈಲರು ಸೊಂಟಕ್ಕೆ ಬಲೂನು ಕಟ್ಟಿಕೊಂಡು ಹೊಳೆಗೆ ಇಳಿಯುವ ಚಿತ್ರವನ್ನು ಎಲ್ಲರೂ ಸ್ವಲ್ಪ ಹೊತ್ತು ಮನಸ್ಸಿನಲ್ಲೇ ನೋಡಿದರು. ನಗು ತಡೆದುಕೊಂಡರು, ಪಾಪ. ಬ್ಲೌಸು ಇನ್ನೂ ನನ್ನ ಕೈಯಲ್ಲಿತ್ತಲ್ಲ. ಮೂಲೆಯಲ್ಲಿ ಕೂತಿದ್ದ ಒಬ್ಬರು ಅಜ್ಜಿ ಮಾತ್ರ ಹತ್ತಿರ ಬಂದು, ಬಲೂನನ್ನು ತಟ್ಟಿ ನೋಡಿ, "ಓ, ಇದು ನಮ್ಮ ಒಣಕಾಯಿ ಅಲ್ವಾ ಮಾರಾಯ್ತಿ!" ಎಂದರು.

ನಾನೂ ಅದನ್ನೇ ಯೋಚಿಸುತ್ತಿದ್ದೆ.

ನಮ್ಮ ಕಡೆ ಈಜು ಕಲಿತದ್ದು ಹೇಗೆಂದು ಗೊತ್ತಿಲ್ಲದವರಿಗೆ ಹೇಳಬೇಕು. ಚೆನ್ನಾಗಿ ಒಣಗಿದ, ಸಿಪ್ಪೆ ಸುಲಿಯದ ಎರಡು ತೆಂಗಿನಕಾಯಿ ಆರಿಸುವುದು. ಎರಡರ ಸಿಪ್ಪೆಯಿಂದಲೂ ಒಂದೊಂದು ಎಳೆ ಎಬ್ಬಿಸಿ ಒಂದಕ್ಕೊಂದು ಗಂಟು ಹಾಕುವುದು. ಆ ಗಂಟಿನ ಮೇಲೆ ಹೊಟ್ಟೆ ಇಟ್ಟು ಮಲಗಿದರೆ ಆ ಕಡೆ ಒಂದು ಕಾಯಿ, ಈ ಕಡೆ ಒಂದು ಕಾಯಿ. ಮುಳುಗಬೇಕೆಂದರೂ ಮುಳುಗಲಿಕ್ಕಾಗುವುದಿಲ್ಲ. ಕೈಕಾಲು ಹೊಡೆಯುವುದು ಬಂದ ಮೇಲೆ ಒಂದು ಕಾಯಿ ತೆಗೆದು, ಉಳಿದದ್ದನ್ನು ಸೊಂಟಕ್ಕೆ ಕಟ್ಟುವುದು. ಅದೂ ಪಳಗಿದ ಮೇಲೆ ಬರಿಮೈ. ಎರಡು ಕಾಯಿ, ಒಂದು ಕಾಯಿ, ಬರಿಮೈ: ಇವು ಮೂರು ಕ್ಲಾಸು. ನಾವು ಮಕ್ಕಳು ಒಬ್ಬರನ್ನೊಬ್ಬರು "ನೀನು ಎಷ್ಟು ಕಾಯಿ?" ಎಂದೇ ಕೇಳುತ್ತಿದ್ದೆವು.

ನನ್ನ ತವರು ಕಲ್ಲುಗುಂಡಿಯ ಹತ್ತಿರ. ಮಡಿಕೇರಿ ರಸ್ತೆ ದಾಟಿ ಕೆಳಗೆ ಇಳಿದರೆ ಪಯಸ್ವಿನಿ. ಬೇಸಿಗೆಯಲ್ಲಿ ಅಲ್ಲೊಂದು ಗುಂಡಿಯಲ್ಲಿ ಮಾತ್ರ ಆಳದ ನೀರು ನಿಲ್ಲುತ್ತಿತ್ತು. ಅದೇ ನಮ್ಮ ಶಾಲೆ. ಹೆಡ್‌ಮಾಸ್ಟರು ನನ್ನ ಕಮಲಕ್ಕ, ನನಗಿಂತ ಏಳು ವರ್ಷ ದೊಡ್ಡವಳು. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬಂಡೆಯ ಮೇಲೆ ನಿಂತು, ನಮ್ಮ ಕಾಯಿಗೆ ಕಟ್ಟಿದ ಕತ್ತದ ಹಗ್ಗದ ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದಿರುತ್ತಿದ್ದಳು. ಅಲ್ಲಿಂದಲೇ ಬೊಬ್ಬೆ. "ಕಾಲು ಹೊಡಿ! ಕೈ ಎಂತದು ಅದು, ದೋಸೆ ಹುಯ್ಯುವ ಹಾಗೆ?" ನಾವು ಮನೆಯಲ್ಲಿ ಮಾತಾಡುವುದು ಅರೆಭಾಷೆ. ಅಕ್ಕನ ಬೈಗುಳ ಅರೆಭಾಷೆಯಲ್ಲೇ ಚಂದ. ಆದರೆ ಎಲ್ಲರಿಗೂ ಗೊತ್ತಾಗಲಿ ಎಂದು ಇಲ್ಲಿ ಹೀಗೆ ಬರೆಯುತ್ತಿದ್ದೇನೆ. ಅರ್ಧ ಖಾರ ಕಮ್ಮಿಯಾಗಿದೆ ಎಂದು ತಿಳಿದುಕೊಳ್ಳಿ.

ಊರಿನ ಎಷ್ಟೋ ಮಕ್ಕಳಿಗೆ ಅಕ್ಕ ಈಜು ಕಲಿಸಿದ್ದಳು. ಅವಳು ನೀರಿಗೆ ಇಳಿದದ್ದನ್ನು ನಾನು ನೋಡಿದ ನೆನಪಿಲ್ಲ. ದೊಡ್ಡವಳಾದ ಮೇಲೆ ಹುಡುಗಿಯರು ಹೊಳೆಗೆ ಇಳಿಯಬಾರದು ಎನ್ನುವುದು ನಮ್ಮಲ್ಲಿದ್ದ ಕಟ್ಟಳೆ. ಬಟ್ಟೆ ಒಗೆಯಬಹುದು. ದನ ತೊಳೆಯಬಹುದು. ಈಜಬಾರದು. ಅಕ್ಕ ಬಂಡೆಗೆ ಏರಿದ್ದು ಹಾಗೆ.

ನಾನು ಒಂದು ಕಾಯಿಯಲ್ಲಿ ಎರಡು ಬೇಸಿಗೆ ಕಳೆದೆ. ನನ್ನ ಜೊತೆಯವರೆಲ್ಲ ಬರಿಮೈಗೆ ಪಾಸಾದರು. ನಾನು ಫೇಲು. ಕಾರಣ ಹೆದರಿಕೆ. ಅಕ್ಕ ಕಾಯಿಯ ಗಂಟಿಗೆ ಕೈ ಹಾಕಿದರೆ ಸಾಕು, ನನ್ನ ಕೂಗು ರಸ್ತೆಯ ಮೇಲೆ ಹೋಗುವ ಬಸ್ಸಿನವರಿಗೂ ಕೇಳುತ್ತಿತ್ತಂತೆ. ಮೂರನೆಯ ಬೇಸಿಗೆ, ಹನ್ನೆರಡು ತುಂಬುವ ಹೊತ್ತಿಗೆ, ಇನ್ನೇನು ಕಾಯಿ ಬಿಚ್ಚಿಸಿಕೊಳ್ಳಬಹುದು ಎಂದು ಧೈರ್ಯ ಬರುತ್ತಿತ್ತು. ಅಷ್ಟರಲ್ಲಿ ನಾನು ದೊಡ್ಡವಳಾದೆ. ಹೊಸ ಲಂಗ ಬಂತು, ನೆಂಟರು ಬಂದರು, ಎಳ್ಳುಂಡೆ ಬಂತು. ಹೊಳೆ ಹೋಯಿತು. ನನ್ನ ಕಾಯಿಯನ್ನು ಅವ್ವ ಅಡುಗೆಗೆಂದು ಸುಲಿಯಲು ಕೂತವಳು, "ಇದೆಂತ, ಸಿಪ್ಪೆ ಒಳಗಿನ ತನಕ ಒದ್ದೆ! ಕಾಯಿಯೂ ಹಾಳಾಗಿದೆ" ಎಂದು ಬೈದು ಗೊಬ್ಬರದ ಗುಂಡಿಗೆ ಎಸೆದಳು. ಹೊಳೆಯಲ್ಲಿ ಬಿದ್ದುಕೊಂಡಿದ್ದ ಕಾಯಿ ಒದ್ದೆಯಾಗದೆ ಇನ್ನೇನಾದೀತು ಎಂದುಕೊಂಡೆ. ಗುಂಡಿಯ ಹತ್ತಿರ ನಿಂತು ಅತ್ತದ್ದು ನೆನಪಿದೆ. ಮನೆಯವರು ಅದನ್ನು ವಯಸ್ಸಿನ ಅಳು ಎಂದುಕೊಂಡರು.

ಈ ಕಥೆಯನ್ನು ನಾನು ಪುತ್ತೂರಿನ ಒಬ್ಬ ಡಾಕ್ಟರಿಗೆ ಹೇಳಬೇಕಾಗಿ ಬಂತು. ಇಪ್ಪತ್ತೆಂಟು ವರ್ಷ ಮಿಷನಿನ ಮೇಲೆ ಬಗ್ಗಿ ಬಗ್ಗಿ ನನ್ನ ಬಲಭುಜ ಹಿಡಿದುಕೊಂಡಿತ್ತು. ಮೊಣಕಾಲೂ ದೂರು ಕೊಡಲು ಸುರು ಮಾಡಿತ್ತು. ಡಾಕ್ಟರು ಎಕ್ಸರೇ ನೋಡಿ, "ನಡಿಗೆ ಬೇಡ. ಈಜು ಬರುತ್ತಾ?" ಎಂದು ಕೇಳಿದರು.

"ಅರ್ಧ ಬರ್ತದೆ."

"ಅರ್ಧ ಈಜು ಅಂದ್ರೆ ಏನು?"

"ಒಂದು ಕಾಯಿ ಬಾಕಿ ಉಂಟು ಡಾಕ್ಟ್ರೇ."

ಅವರು ಘಟ್ಟದ ಮೇಲಿನವರು. ಎಲ್ಲವನ್ನೂ ವಿವರಿಸಿ ಮುಗಿಸುವಾಗ ಹೊರಗೆ ಕೂತಿದ್ದ ರೋಗಿಗಳು ಬಾಗಿಲಿಗೆ ಬಂದು ಇಣುಕುತ್ತಿದ್ದರು.

ದಾರ, ಲೈನಿಂಗು, ಗುಂಡಿ ತರಲು ನಾನು ವಾರಕ್ಕೆ ಎರಡು ಸಲ ಪುತ್ತೂರಿಗೆ ಹೋಗಲೇಬೇಕು. ಆ ಎರಡು ದಿನ ಅಲ್ಲಿಯ ಈಜುಕೊಳಕ್ಕೆ ಸೇರಿದೆ. ಈಜುವ ಉಡುಪು ನಾನೇ ಹೊಲಿದೆ. ಊರಿಗೆಲ್ಲ ಹೊಲಿದವಳು ನನಗೆ ಹೊಲಿಯುವಾಗ ಎಡವಿದೆ. ಮರ್ಯಾದೆಗಿರಲಿ ಎಂದು ಸಡಿಲ ಬಿಟ್ಟು, ಒಳಗಿಂದ ಹತ್ತಿಯ ಲೈನಿಂಗು ಕೊಟ್ಟಿದ್ದೆ. ನೀರಿಗೆ ಇಳಿದದ್ದೇ ಅದು ತುಂಬಿಕೊಂಡು, ನಾನು ಮುಂದೆ ಹೋದರೂ ಉಡುಪು ಹಿಂದೆಯೇ ಉಳಿಯಿತು. ಎರಡನೆಯದನ್ನು ಕೊಡೆಬಟ್ಟೆಯಂಥ ನೈಲಾನಿನಲ್ಲಿ, ಪೂರ್ತಿ ತೋಳು ಇಟ್ಟು, ಮೈಗೆ ಸರಿಯಾಗಿ ಹೊಲಿದೆ. ಅಲ್ಲಿ ಕಲಿಸುವ ಹುಡುಗಿಗೆ ಇಪ್ಪತ್ತೆರಡು ಇರಬಹುದು. "ಉಸಿರು ಹಿಡ್ಕೊಂಡು ಈಜ್ಬೇಡಿ ಆಂಟಿ. ನೀರೊಳಗೆ ಬಿಡಿ, ಮುಖ ತಿರುಗಿಸಿ ತಕ್ಕೊಳ್ಳಿ. ಆತುರ ಮಾಡ್ಬೇಡಿ. ಈ ವಾರ ಎಷ್ಟು ಈಜಿದ್ರೋ ಮುಂದಿನ ವಾರ ಅದಕ್ಕಿಂತ ಸ್ವಲ್ಪ, ಸ್ವಲ್ಪವೇ ಜಾಸ್ತಿ" ಎಂದು ಹೇಳಿಕೊಟ್ಟಳು. ದಮ್ಮು ಕಟ್ಟದಂತೆ ಉಸಿರು ಬಿಡುವುದನ್ನು ನಾನು ಅಂಗಡಿಯಲ್ಲೂ ಅಭ್ಯಾಸ ಮಾಡಿದೆ. ಬಕೆಟಿಗೆ ಮುಖ ಅದ್ದಿ ಗುಳುಗುಳು ಮಾಡುತ್ತಿದ್ದಾಗ ಒಳಗೆ ಬಂದ ಗಿರಾಕಿಯೊಬ್ಬಳು ಕಿರುಚಿ ಎದುರಿನ ಮೆಡಿಕಲ್ಲಿನವರನ್ನು ಕರೆದುಕೊಂಡು ಬಂದಳು.

ಕೊಳದಲ್ಲಿ ನನಗೆ ಕಾಯಿಯೂ ಬೇಡ, ಬಲೂನೂ ಬೇಡ. ಕಾಲು ಊರಿದರೆ ನೆಲ, ಕೈ ಚಾಚಿದರೆ ಅಂಚು. ಆದರೆ ಆ ತುದಿಗೆ ಹೋಗಿ ಈ ತುದಿಗೆ ಬಂದು, ಮತ್ತೆ ಆ ತುದಿಗೆ ಹೋಗಿ, ನಾಲ್ಕು ತಿಂಗಳಲ್ಲಿ ನನಗೆ ಕಡಬ–ಪುತ್ತೂರು ಬಸ್ಸಿನ ಕಂಡಕ್ಟರನ ಬೇಸರ ಅರ್ಥವಾಯಿತು. ಮನಸ್ಸು ಹೊಳೆಯನ್ನು ಕೇಳತೊಡಗಿತು.

ಹೊಳೆ ದೂರವಿರಲಿಲ್ಲ. ನಮ್ಮ ಮನೆಯ ರಬ್ಬರ್ ಗುಡ್ಡೆ ಇಳಿದರೆ ಕುಮಾರಧಾರಾ. ಮೇಲೆ ಒಂದು ತೂಗುಸೇತುವೆ, ಕೆಳಗೆ ಒಂದು ಕಿಂಡಿ ಅಣೆಕಟ್ಟು. ನಡುವೆ ದಡದಲ್ಲಿ ಏಳು ಪಂಪ್‌ಶೆಡ್ಡು, ನಾಲ್ಕನೆಯದು ನಮ್ಮದು. ಮೂರೂವರೆ ಕಿಲೋಮೀಟರ್ ಇದ್ದೀತು. ಹೊಳೆಯಲ್ಲಿ ಯಾರೂ ಕಿಲೋಮೀಟರ್ ಕಲ್ಲು ನೆಟ್ಟಿಲ್ಲವಾದ್ದರಿಂದ ನಮ್ಮ ಲೆಕ್ಕ ಪಂಪ್‌ಶೆಡ್ಡಿನಲ್ಲಿ. ಬಲೂನು ತರಿಸಿದ್ದು ಇದಕ್ಕಾಗಿಯೇ. ಜೊತೆಗೆ ದೋಣಿ ಇಲ್ಲದೆ ಇಳಿಯಬಾರದು ಎಂದು ನಮ್ಮ ಯಜಮಾನರು ಹಟ ಹಿಡಿದರು. ಹಾಗೆ ಹಸನಾಕ ಸಿಕ್ಕಿದರು. ತೂಗುಸೇತುವೆ ಆಗುವ ಮೊದಲು ಅಲ್ಲಿ ಜನರನ್ನು ದೋಣಿಯಲ್ಲಿ ಕಡವು ದಾಟಿಸುತ್ತಿದ್ದವರು. ಸೇತುವೆಯಾದ ಮೇಲೆ ದೋಣಿ ಮೀನಿನ ಬಲೆಗೆ, ಹುಲ್ಲಿನ ಕಟ್ಟಿಗೆ ಎಂದು ಉಳಿದಿತ್ತು. ಬೆಳಿಗ್ಗೆ ಆರೂವರೆಗೆ ಬರಬೇಕು ಎಂದಾಗ ಅವರು ಬೀಡಿ ಆರಿಸಿ, "ಟೈಲರಕ್ಕ, ಇಷ್ಟು ವರ್ಷ ಜನ ಮುಳುಗದ ಹಾಗೆ ದಾಟಿಸಿದೆ. ಈಗ ಬೇಕಂತಲೇ ನೀರಿಗೆ ಬೀಳುವವರ ಹಿಂದೆ ಬರ್ಬೇಕಾ?" ಎಂದು ನಕ್ಕರು. ಮರುದಿನ ಆರಕ್ಕೇ ಬಂದು ನಿಂತಿದ್ದರು.

ಇನ್ನು ನನ್ನ ಪರಾಕ್ರಮ ಕೇಳಿ. ಮೊದಲ ವಾರವೇ ತೂಗುಸೇತುವೆಯ ಬುಡದಿಂದ ಮೂರು ಪಂಪ್‌ಶೆಡ್ಡು. ಎರಡನೆಯ ವಾರ ಐದು. ಪ್ರತಿ ಶೆಡ್ಡಿನ ಎದುರು ಬಲೂನು ತಬ್ಬಿಕೊಂಡು ಸ್ವಲ್ಪ ಸುಧಾರಿಸಿಕೊಳ್ಳುತ್ತಿದ್ದೆ, ನಿಜ. ಆದರೂ ಐದು! ಕೊನೆಗೆ ದಡ ಹತ್ತಿ, ರಸ್ತೆಗೆ ಬಂದು, ಸಿಕ್ಕಿದ ಜೀಪಿನಲ್ಲಿ ಒದ್ದೆ ಬಟ್ಟೆಯಲ್ಲೇ ಮನೆಗೆ. ಜೀಪಿನವರಿಗೆಲ್ಲ ನನ್ನ ಸಾಧನೆ ಬಾಯಿಪಾಠವಾಯಿತು. ಕಬಕದಲ್ಲಿರುವ ಕಮಲಕ್ಕನಿಗೆ ದಿನಾ ಫೋನು. ಹೀಗೇ ಹೋದರೆ ಬೇಸಿಗೆಯ ಹೊತ್ತಿಗೆ ಸಮುದ್ರವೇ ಸೈ ಎಂದೂ ಹೇಳಿಬಿಟ್ಟೆ.

ಡಿಸೆಂಬರಿನಲ್ಲಿ ಒಂದು ಆದಿತ್ಯವಾರ ಊರವರು ಸೇರಿ, ಬೇಸಿಗೆಗೆ ನೀರು ನಿಲ್ಲಲಿ ಎಂದು, ಅಣೆಕಟ್ಟಿನ ಕಿಂಡಿಗಳಿಗೆ ಹಲಗೆ ಹಾಕಿದೆವು. ಮನೆಗೊಬ್ಬರಂತೆ ಬರುವುದು ವಾಡಿಕೆ. ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ತುಂಬಿಸಬೇಕು. ಐದು ಶೆಡ್ಡಿನ ಈಜುಗಾರ್ತಿಯಲ್ಲವೇ, ನಾನೂ ಉತ್ಸಾಹದಿಂದ ಮಣ್ಣಿನ ಬುಟ್ಟಿ ಹೊತ್ತೆ. ನಾಲ್ಕು ದಿನದಲ್ಲಿ ನೀರು ಏರಿ, ಹೊಳೆ ಕೆರೆಯ ಹಾಗೆ ತುಂಬಿ ನಿಂತಿತು. ಐದನೆಯ ದಿನ ನೀರಿಗೆ ಇಳಿದೆ. ಎರಡನೆಯ ಶೆಡ್ಡಿಗೆ ಮುಟ್ಟುವಾಗ ಕಣ್ಣು ಕತ್ತಲೆ ಬಂತು. ಮೂರನೆಯದು ಮುಟ್ಟಲೇ ಇಲ್ಲ. ಮರುದಿನವೂ ಹಾಗೆಯೇ. ಅದರ ಮರುದಿನ ಒಂದೂವರೆ.

ನನಗೆ ಹೃದಯದ ತೊಂದರೆ ಎಂದು ನನಗೆ ಖಾತ್ರಿಯಾಯಿತು. ಒಂದೇ ವಾರದಲ್ಲಿ ಐದು ಶೆಡ್ಡಿನಿಂದ ಒಂದೂವರೆಗೆ ಇಳಿಯುವುದೆಂದರೆ ಇನ್ನೇನು? ಯಾರಿಗೂ ಹೇಳದೆ ಪುತ್ತೂರಿಗೆ ಹೋಗಿ ಇಸಿಜಿ ಮಾಡಿಸಿದೆ. ಬಸ್ಸಿನಲ್ಲಿ ಕೂತು, ಹೊಲಿಯದೆ ಉಳಿದ ಬಟ್ಟೆಗಳನ್ನು ಯಾರಿಗೆ ವಹಿಸಬೇಕು ಎಂದೂ ಯೋಚಿಸಿದೆ. ಡಾಕ್ಟರು ಪಟ್ಟಿಯನ್ನು ಹಿಂದೆ ಮುಂದೆ ನೋಡಿ, "ಕುದುರೆಯ ಹಾಗಿದೆ" ಎಂದು ಕಳಿಸಿದರು. ನನಗೆ ನಂಬಿಕೆ ಬರಲಿಲ್ಲ. ಮರುದಿನ ದಡದಲ್ಲಿ ಮೋರೆ ಇಳಿಸಿ ಕೂತಿದ್ದಾಗ ಹಸನಾಕ ವಿಷಯ ಕೇಳಿದರು. ಕೇಳಿ, ದೋಣಿಯ ಹುಟ್ಟನ್ನು ಕೆಳಗಿಟ್ಟು, ತಲೆಗೆ ಸುತ್ತಿದ ಟವೆಲು ಬಿಚ್ಚಿ ಮುಖ ಒರೆಸಿಕೊಂಡರು. ನಗುವನ್ನೂ ಅದರಲ್ಲೇ ಒರೆಸಿಕೊಂಡರು ಎಂದು ಕಾಣುತ್ತದೆ.

"ಟೈಲರಕ್ಕ, ಅಲ್ಲಿವರೆಗೆ ನೀವು ಈಜಿದ್ದಲ್ಲ. ಹೊಳೆ ನಿಮ್ಮನ್ನು ತಕ್ಕೊಂಡು ಹೋದದ್ದು. ಈಗ ಹಲಗೆ ಹಾಕಿದ ಮೇಲೆ ಹೊಳೆ ಕೂತಿದೆ. ಇನ್ನು ನೀವೇ ಹೋಗ್ಬೇಕು."

"ಮೊದಲೇ ಹೇಳ್ಬಾರ್ದಿತ್ತಾ?"

"ನೀವು ಅಷ್ಟು ಕುಶಿಯಲ್ಲಿದ್ರಿ. ಹೇಗೆ ಹೇಳುದು?"

ಹುಟ್ಟಿದಾರಭ್ಯ ಹೊಳೆಯ ದಡದಲ್ಲಿ ಇದ್ದವಳು, ನೀರು ಯಾವ ಕಡೆಗೆ ಹರಿಯುತ್ತದೆ ಎಂದು ನೋಡದೆ ಈಜಿದ್ದೆ. ಒಂದು ದಿನವೂ ಹಿಂದಕ್ಕೆ ಈಜಿ ನೋಡಿರಲಿಲ್ಲ, ಜೀಪು ಇತ್ತಲ್ಲ. ನನ್ನ ದಮ್ಮಿಗೆ ಬೀಗ ಹಾಕಿದ ಹಲಗೆಗೆ ನಾನೇ ಮಣ್ಣು ಹೊತ್ತಿದ್ದೆ. ಜೀಪಿನವರ ಮುಖ ನೋಡಲು ನಾಚಿಕೆಯಾಗಿ ಎರಡು ವಾರ ಬಸ್ಸಿನಲ್ಲಿ ಓಡಾಡಿದೆ.

ಅಲ್ಲಿಂದ ಹೊಸ ಪಾಠ. ಕೊಳದ ಹುಡುಗಿ ಹೇಳಿದ್ದನ್ನು ನೆನಪಿಸಿಕೊಂಡು ಒಂದು ಶೆಡ್ಡಿನಿಂದ ಸುರು ಮಾಡಿದೆ. ಒಂದು ವಾರ ಬರೀ ಒಂದು. ಆಮೇಲೆ ಒಂದು ಮತ್ತು ಸ್ವಲ್ಪ. ಹೊಳೆಯಲ್ಲಿ ಕೊಳದ ಹಾಗೆ ತಳದಲ್ಲಿ ದಾರಿ ತೋರಿಸುವ ಗೆರೆ ಇರುವುದಿಲ್ಲ, ಮುಖ ಅದ್ದಿದರೆ ಬರೀ ಹಸಿರು. ಹತ್ತು ಕೈಗೊಮ್ಮೆ ತಲೆ ಎತ್ತಿ ಮುಂದಿನ ಶೆಡ್ಡಿನ ಶೀಟು ನೋಡದಿದ್ದರೆ ಎದುರಿನ ದಡಕ್ಕೆ ಹೋಗಿ ಗುದ್ದುವುದೇ. ಎರಡು ಸಲ ಗುದ್ದಿದ್ದೇನೆ. ಮಾತಾಡಲು ಆಗುವಷ್ಟು ಮೆಲ್ಲನೆ ಈಜಿದರೆ ದೂರ ಹೋಗಬಹುದು ಎಂದು ಗೊತ್ತಾಯಿತು. ನಾನು ಮಾತಿನ ಮಲ್ಲಿಯಾದ್ದರಿಂದ ಇದು ಹೇಳಿ ಮಾಡಿಸಿದ ವಿಧಾನ. ಉಸಿರಿಗೊಂದರಂತೆ ಹಸನಾಕನಿಗೆ ಊರಿನ ಸುದ್ದಿ ಹೇಳುತ್ತಿದ್ದೆ. ಎರಡು ಶೆಡ್ಡಿಗೊಮ್ಮೆ ಅವರು ಗಂಜಿತಿಳಿಗೆ ಉಪ್ಪು ಹಾಕಿದ ಬಾಟಲಿಯನ್ನು ಕಾಯಿ ಕೊಯ್ಯುವ ದೋಟಿಯ ತುದಿಗೆ ಸಿಕ್ಕಿಸಿ ಚಾಚುತ್ತಿದ್ದರು. ದೋಣಿ ಮುಟ್ಟಬಾರದು ಎಂದು ನಾನೇ ಮಾಡಿಕೊಂಡ ನಿಯಮ. ಏಪ್ರಿಲ್ ಮುಗಿಯುವಾಗ ನಿಂತ ನೀರಿನಲ್ಲಿ ಆರು ಶೆಡ್ಡು ತಲುಪಿದೆ. ಭುಜದ ನೋವು ಯಾವಾಗ ಹೋಯಿತೋ ಗೊತ್ತಾಗಲೇ ಇಲ್ಲ.

ಆದರೆ ಬಲೂನು. ಪ್ರತಿ ಶೆಡ್ಡಿಗೂ ಅದನ್ನು ತಬ್ಬಿಕೊಂಡು ಎಂಟು ಹತ್ತು ಉಸಿರು ಎಳೆಯುವ ಚಟ ಬಿಡಲಿಲ್ಲ. ಒಮ್ಮೆ ಸೊಂಟದಿಂದ ಬಿಚ್ಚಿ ನೋಡಿದೆ. ಎರಡು ಮಾರು ಹೋಗುವಷ್ಟರಲ್ಲಿ ಹನ್ನೆರಡು ವರ್ಷದವಳ ಹೆದರಿಕೆ ಹಾಗೆಯೇ ಬಂದು ಕೈಕಾಲು ಕಟ್ಟಿಹಾಕಿತು. ದೋಣಿ ಪಕ್ಕದಲ್ಲೇ ಇತ್ತು, ಆದರೂ. ಫೋನಿನಲ್ಲಿ ಅಕ್ಕನ ಹತ್ತಿರ ಹೇಳಿದೆ.

"ಬಲೂನು ತಬ್ಬಿಕೊಂಡು ಈಜುದು ಈಜಾ? ಐವತ್ತು ಕಳೀತು. ಇನ್ನೂ ಒಂದು ಕಾಯಿಯಲ್ಲಿದ್ದಿ" ಎಂದಳು.

ನನಗೆ ಸಿಟ್ಟು ಬಂತು. ಮೇ ಕೊನೆಗೆ ಹಲಗೆ ತೆಗೆಯುವ ಮೊದಲು ಏಳು ಶೆಡ್ಡನ್ನೂ ಬಲೂನಿಲ್ಲದೆ, ಎಲ್ಲೂ ಹಿಡಿದುಕೊಳ್ಳದೆ ಈಜುತ್ತೇನೆ, ಬಂದು ನೋಡು ಎಂದೆ. ಸಿಟ್ಟಿನಲ್ಲಿ ಹೇಳಿದ್ದು. ಆದರೆ ಹೇಳಿದ ಮೇಲೆ ಗೊತ್ತಾಯಿತು, ನಾಲ್ವತ್ತು ವರ್ಷದಿಂದ ನನಗೆ ಬೇಕಾಗಿದ್ದದ್ದು ಅದೊಂದೇ. ಸಮುದ್ರವೂ ಬೇಡ, ಸರ್ಟಿಫಿಕೇಟೂ ಬೇಡ. ಆ ಬಾಕಿ ಕಾಯಿ ಬಿಚ್ಚಬೇಕು.

ಅಕ್ಕ ನಿಜವಾಗಿಯೂ ಬಂದಳು. ಐವತ್ತೆಂಟು ದಾಟಿದೆ, ಸ್ವಲ್ಪ ದಪ್ಪಗಾಗಿದ್ದಾಳೆ, ಬೊಬ್ಬೆ ಮಾತ್ರ ಬಂಡೆಯ ಮೇಲಿನದೇ. ಹಲಗೆ ತೆಗೆಯಲು ಐದು ದಿನ ಇರುವಾಗ, ಬೆಳಿಗ್ಗೆ ಆರೂವರೆಗೆ, ತೂಗುಸೇತುವೆಯ ಕೆಳಗೆ ಅವಳನ್ನು ಹಸನಾಕನ ದೋಣಿಗೆ ಹತ್ತಿಸಿದೆವು. ಎರಡು ಕೈಯಲ್ಲೂ ದೋಣಿಯ ಅಂಚು ಹಿಡಿದು, ಅಲುಗಾಡದೆ, ದೇವರ ಮುಂದೆ ಕೂತವಳ ಹಾಗೆ ಕೂತಳು. ಬಲೂನು ಬಿಚ್ಚಿ ಅವಳ ಕಾಲಬುಡದಲ್ಲಿ ಹಾಕಿದೆ.

ಮೊದಲ ಮೂರು ಶೆಡ್ಡು ಮಾತಾಡುತ್ತಲೇ ಕಳೆದವು. ನಾಲ್ಕನೆಯದರಲ್ಲಿ ನಮ್ಮವರು ನಿಂತು, "ಸುಸ್ತಾದ್ರೆ ಹತ್ತಿಕೊಂಡು ಬಾ, ಕಾಫಿ ಆಗಿದೆ" ಎಂದು ಕೂಗಿದರು. ಅವರದ್ದು ಪ್ರೀತಿಯೇ, ಆದರೆ ಆ ಹೊತ್ತಿಗೆ ಹೇಳಬಾರದ ಮಾತು. ಅಲ್ಲಿಂದ ಮುಂದೆ ನನಗೆ ಸುಸ್ತು ನೆನಪಾಗತೊಡಗಿತು. ಐದನೆಯ ಶೆಡ್ಡು ದಾಟಿದ ಮೇಲೆ ಹೊಳೆ ಅಗಲ. ದಡ ಎರಡೂ ದೂರ. ಮುಖ ಅದ್ದಿದರೆ ಕೆಳಗೆ ಕಪ್ಪು ಹಸಿರು. ಹಸನಾಕ ಚಾಚಿದ ಬಾಟಲಿಯನ್ನು ಬಿಟ್ಟು ನಾನು ದೋಟಿಯನ್ನೇ ಹಿಡಿಯಲು ಹೋದೆ. ಅಕ್ಕ ಅವರ ಕೈಯಿಂದ ದೋಟಿ ಎಳೆದುಕೊಂಡಳು.

"ನೇತಾಡ್ಲಿಕ್ಕೆ ಇಲ್ಲ."

"ಅಕ್ಕಾ, ಆಗುದಿಲ್ಲ. ಬಲೂನು ಹಾಕು."

"ಹಸನಾಕ, ದೋಣಿ ಆಚೆ ತಕ್ಕೊಳ್ಳಿ."

ಹಸನಾಕ ನನ್ನನ್ನು ನೋಡಿದರು, ಅಕ್ಕನನ್ನು ನೋಡಿದರು. ಮೆಲ್ಲನೆ ಎರಡು ಹುಟ್ಟು ಆಚೆ ಹಾಕಿದರು. ನನಗೆ ಅಳು ಬಂತು. ಈಜುತ್ತಾ ಅಳುವುದು ಕಷ್ಟ, ಉಸಿರಿನ ಲೆಕ್ಕ ತಪ್ಪುತ್ತದೆ.

"ಅಂಗಾತ ಮಲಕ್ಕೊ" ಎಂದು ಅಕ್ಕ ಹೇಳಿದಳು. ಮಲಗಿದೆ. ನೀರು ಹೊತ್ತುಕೊಂಡಿತು. ಉಸಿರು ಸ್ವಲ್ಪ ಹತೋಟಿಗೆ ಬಂದ ಮೇಲೆ ತಲೆ ಎತ್ತಿ ಅವಳ ಕಡೆ ತಿರುಗಿ, ಕಾಲು ಆಡಿಸುತ್ತಾ ನಿಂತೆ. ಅವಳು ನನ್ನನ್ನು ನೋಡದೆ ಎದುರಿನ ದಡ ನೋಡುತ್ತಾ ಮಾತಾಡಿದಳು.

"ವೇದಾ, ಕಲ್ಲುಗುಂಡಿಯಲ್ಲಿ ಕೊನೆಗೆ ನಿನ್ನ ಸೊಂಟಕ್ಕೆ ಕಟ್ಟಿದ ಕಾಯಿ ಉಂಟಲ್ಲ, ಅದು ತೇಲುವ ಕಾಯಿ ಅಲ್ಲ. ಹಗ್ಗಕ್ಕೆ ಅಂತ ಸಿಪ್ಪೆ ಕೊಳೆ ಹಾಕುವ ಗುಂಡಿ ಇತ್ತಲ್ಲ, ಅದರಲ್ಲಿ ಒಂದು ತಿಂಗಳು ನೆನೆ ಹಾಕಿದ್ದೆ. ಎರಡು ದಿನ ಬಿಸಿಲಿಗಿಟ್ರೆ ಮೇಲಿಂದ ಒಣಗಿದ ಹಾಗೆ ಕಾಣ್ತದೆ. ಒಳಗೆ ಬರೀ ನೀರು. ನಿನ್ನನ್ನು ಎತ್ತುದು ಬಿಡು, ಅದನ್ನೇ ನೀನು ಎಳ್ಕೊಂಡು ಹೋಗ್ತಾ ಇದ್ದಿ."

"ಎಷ್ಟು ದಿನ?"

"ಆ ಬೇಸಿಗೆ ಇಡೀ. ಕಾಯಿ ತೆಗಿತೇನೆ ಅಂದ್ರೆ ನೀನು ಹೊಳೆಗೇ ಬರ್ತಿರ್ಲಿಲ್ಲ."

ಅವ್ವ ಸುಲಿಯಲು ಕೂತ ಕಾಯಿ, ಒಳಗಿನ ತನಕ ಒದ್ದೆಯಾಗಿದ್ದ ಸಿಪ್ಪೆ, ಗೊಬ್ಬರದ ಗುಂಡಿ ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು.

"ಹೇಳ್ಬಾರ್ದಿತ್ತಾ ಅಕ್ಕ? ನಾಲ್ವತ್ತು ವರ್ಷ!"

"ಹೇಳುವ ಅಂತಲೇ ಇದ್ದೆ. ಅಷ್ಟರಲ್ಲಿ ನೀನು ದೊಡ್ಡವಳಾದೆ. ಮತ್ತೆ ಹೇಳಿ ಎಂತಕ್ಕೆ? ಈಜು ಬರುದಿಲ್ಲ ಅಂತ ಇದ್ರೆ ಅಷ್ಟು ಆಸೆ ಆಗುದಿಲ್ಲ. ಬರ್ತದೆ ಅಂತ ಗೊತ್ತಿದ್ದೂ ದಡದಲ್ಲಿ ಕೂತು ಬಟ್ಟೆ ಒಗಿಯುದು ಕಷ್ಟ." ಆಮೇಲೆ ನನ್ನ ಕಡೆ ತಿರುಗಿ, "ಇನ್ನು ಎರಡೇ ಶೆಡ್ಡು ಉಂಟು. ಕೈ ನೋಡು ಅವಳದ್ದು, ದೋಸೆ ಹುಯ್ಯುವ ಹಾಗೆ!" ಎಂದು ಬೊಬ್ಬೆ ಹಾಕಿದಳು.

ನಾನು ಮುಖ ಅದ್ದಿದೆ. ಆ ಎರಡು ಶೆಡ್ಡನ್ನು ಹೇಗೆ ಈಜಿದೆ ಎಂದು ಕೇಳಿದರೆ ಹೇಳಲು ಹೆಚ್ಚೇನೂ ಇಲ್ಲ. ಭುಜ ಉರಿಯುತ್ತಿತ್ತು. ಆದರೆ ಹೆದರಿಕೆ ಇರಲಿಲ್ಲ. ಆ ಹೊಳೆಯಲ್ಲಿ ಹನ್ನೆರಡು ವರ್ಷದ ನಾನೂ ಪಕ್ಕದಲ್ಲೇ ಈಜುತ್ತಿದ್ದೇನೆ ಎಂದು ಅನಿಸುತ್ತಿತ್ತು, ಸೊಂಟಕ್ಕೆ ಆ ದರಿದ್ರ ಕಾಯಿ ಕಟ್ಟಿಕೊಂಡು. ಅವಳ ಮೇಲೆ ನನಗೆ ಬಹಳ ಪ್ರೀತಿ ಬಂತು. ಏಳನೆಯ ಶೆಡ್ಡು ದಾಟಿ, ಅಣೆಕಟ್ಟಿನ ಪಾಚಿ ಹಿಡಿದ ಹಲಗೆಗೆ ಕೈ ಬಡಿಯಿತು. ಮೆಟ್ಟಿಲಿಗೆ ಹತ್ತಿ ಕೂತು, ಈ ಸಲ ಉಸಿರಿನ ಲೆಕ್ಕ ಇಡದೆ ಅತ್ತೆ.

"ಅಳುದು ಮತ್ತೆ. ಮೊದಲು ನನ್ನನ್ನು ಇದರಿಂದ ಇಳಿಸು" ಎಂದು ಅಕ್ಕ ದೋಣಿಯಿಂದ ಕೂಗಿದಳು. ಕೈ ಇನ್ನೂ ಅಂಚು ಬಿಟ್ಟಿರಲಿಲ್ಲ. ಬೆರಳುಗಳು ಬಿಳಿಚಿಕೊಂಡಿದ್ದವು.

"ಇದೆಂತ ಅಕ್ಕ, ನಿಂಗೂ ಹೆದರಿಕೆಯಾ? ಬಿದ್ರೆ ಈಜಿಕೊಂಡು ಬಾ."

"ನಂಗೆಲ್ಲಿ ಈಜು ಬರ್ತದೆ?"

ನಾನು ತಮಾಷೆ ಎಂದುಕೊಂಡೆ. ತಮಾಷೆಯಲ್ಲ. ದೊಡ್ಡವಳಾಗುವಾಗ ಅವಳು ಎರಡು ಕಾಯಿಯಲ್ಲಿದ್ದಳಂತೆ. ಅದಕ್ಕಿಂತ ಮುಂದೆ ಹೋಗಲು ಅವಳನ್ನು ಯಾರೂ ಬಿಡಲಿಲ್ಲ. ಊರಿನ ಅಷ್ಟೂ ಮಕ್ಕಳನ್ನು ಬರಿಮೈಗೆ ದಾಟಿಸಿದವಳನ್ನು, ನಿನಗೆ ಬರುತ್ತದಾ ಎಂದು ನಾವು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ನನಗೆ ಆಗ ಆದ ನಾಚಿಕೆ ಜೀಪಿನವರೆದುರು ಆದದ್ದಕ್ಕಿಂತ ದೊಡ್ಡದು. ಅವಳನ್ನು ಎರಡೂ ಕೈ ಹಿಡಿದು ಇಳಿಸಿದೆ. ಮೆಟ್ಟಿಲ ಮೇಲೆ ಒಬ್ಬರ ಪಕ್ಕ ಒಬ್ಬರು ಕೂತು, ಬಾಟಲಿಯಲ್ಲಿ ಉಳಿದಿದ್ದ ಗಂಜಿತಿಳಿ ಕುಡಿದೆವು.

"ಹಲಗೆ ತೆಗೀಲಿಕ್ಕೆ ಇನ್ನು ಎಷ್ಟು ದಿನ ಉಂಟು?" ಎಂದು ಕೇಳಿದಳು.

"ಐದು."

"ನಿಮ್ಮಲ್ಲಿ ಒಣಕಾಯಿ ಉಂಟಾ, ಎರಡು?"

ನೈಟಿಯ ಮೇಲೆ ಬೈರಾಸು ಟವೆಲು ಸುತ್ತಿಕೊಂಡು, ನಮ್ಮ ಪಂಪ್‌ಶೆಡ್ಡಿನ ಬದಿಯ ನೀರಿಗೆ ಅಕ್ಕ ಐದೂ ದಿನ ಇಳಿದಳು. ಹಗ್ಗ ನನ್ನ ಕೈಯಲ್ಲಿ. ಕಲ್ಲಿನ ಮೇಲೆ ನಿಂತು ನಾನು ಹಾಕಿದ ಬೊಬ್ಬೆಗೆ ನಮ್ಮವರು ಕಾಫಿ ಬಿಟ್ಟು ಓಡಿ ಬಂದಿದ್ದರು. ಐದನೆಯ ದಿನ ಅವಳು ಎರಡು ಕಾಯಿಯ ನಡುವೆ ಮಲಗಿ ಶೆಡ್ಡಿನಿಂದ ಎದುರಿನ ಬಂಡೆಯ ತನಕ ಹೋಗಿ ಬಂದಳು. ಮೇಲೆ ಬಂದು, ಕೂದಲು ಹಿಂಡಿಕೊಳ್ಳುತ್ತಾ, "ಮುಂದಿನ ವರ್ಷ ಒಂದು ಕಾಯಿ" ಎಂದಳು.

ಮೊನ್ನೆ ಆದಿತ್ಯವಾರ ಈ ವರ್ಷದ ಹಲಗೆ ಹಾಕಿದೆವು. ಹೊಳೆ ಪುನಃ ಕೂತಿದೆ. ಬರುವ ವಾರ ಅಕ್ಕ ಕಬಕದಿಂದ ಬರುತ್ತಾಳೆ. ಮೊದಲು ಕೆಲವು ದಿನ ಎರಡು ಕಾಯಿ, ಆಮೇಲೆ ಒಂದು ಎಂದು ಫೋನಿನಲ್ಲೇ ತೀರ್ಮಾನವಾಗಿದೆ. ಅವಳು ಪೇಪರಿನಲ್ಲಿ ಅಡಿಕೆಯ ರೇಟು, ತೀರಿಕೊಂಡವರ ಫೋಟೋ ಬಿಟ್ಟು ಬೇರೇನೂ ಓದುವುದಿಲ್ಲವಾದ್ದರಿಂದ ನಿಮಗೊಂದು ವಿಷಯ ಹೇಳುತ್ತೇನೆ. ನಮ್ಮ ಪಂಪ್‌ಶೆಡ್ಡಿನ ಹಿಂದಿನ ತೊಟ್ಟಿಯಲ್ಲಿ, ಒಂದು ಕಲ್ಲಿನ ಅಡಿಗೆ, ಒಂದು ತೆಂಗಿನಕಾಯಿ ಮೂರು ವಾರದಿಂದ ನೆನೆಯುತ್ತಾ ಇದೆ. ಕೊನೆಯ ಎರಡು ದಿನ ಬಿಸಿಲಿಗಿಡಬೇಕು. ಅಕ್ಕನಿಗೆ ಮಾತ್ರ ಹೇಳಬೇಡಿ.